ಹದಿನಾಲ್ಕು ಹಳದಿ ಅಂಗಿ

ಮೋಟುವಿನ ಅಂಗಿಗೆ ನಂಬರ್ ಇರಲಿಲ್ಲ.

ಅವಳೊಬ್ಬಳದೇ ಅಲ್ಲ. ಕ್ಲಬ್ಬಿನ ಖುಷಿ ಗುಂಪಿನಲ್ಲಿ ಹದಿನಾಲ್ಕು ಹುಡುಗಿಯರು ಫುಟ್‌ಬಾಲ್ ಆಡುತ್ತಿದ್ದರು. ಹದಿನಾಲ್ಕು ಜನಕ್ಕೂ ತೋಳಿಲ್ಲದ ಹಳದಿ ಅಂಗಿ. ಎದೆಯ ಮೇಲೆ ಏನೂ ಇಲ್ಲ, ಬೆನ್ನ ಮೇಲೆ ಏನೂ ಇಲ್ಲ. ಸ್ಪರ್ಧಾ ಗುಂಪಿನ ಇಪ್ಪತ್ತು ಹುಡುಗಿಯರದು ಕೆಂಪು ಜೆರ್ಸಿ. ಬೆನ್ನ ಮೇಲೆ ಗೇಣುದ್ದದ ಬಿಳಿ ನಂಬರ್.

ಎರಡನ್ನೂ ಒಗೆಯುತ್ತಿದ್ದವಳು ಮೋಟುವಿನ ತಾಯಿ. ಕ್ಲಬ್ಬಿನಲ್ಲಿ ಎಲ್ಲರ ಬಾಯಲ್ಲೂ ಅವಳು ಬಟ್ಟೆಯಮ್ಮ. ಹನ್ನೊಂದು ವರ್ಷದಿಂದ ಅದೇ ಕೆಲಸ. ಕ್ಲಬ್ಬಿನಲ್ಲಿ ಒಗೆಯುವ ಯಂತ್ರವೂ ಇತ್ತು. ಆದರೆ ಯಂತ್ರಕ್ಕೆ ಹಾಕಿದರೆ ನಂಬರಿನ ಅಂಚು ಎದ್ದು ಸಿಪ್ಪೆಯಂತೆ ಸುಲಿದು ಬರುತ್ತಿತ್ತು. ಅದಕ್ಕೇ ಕೆಂಪು ಜೆರ್ಸಿಗಳನ್ನು ಒಳಹೊರಗು ಮಾಡಿ, ತಣ್ಣೀರಿನಲ್ಲಿ ನೆನೆಸಿ, ಕೈಯಲ್ಲೇ ತಿಕ್ಕಬೇಕು. ಬ್ರಷ್ ತಾಗಿಸುವಂತಿಲ್ಲ. ಹಿಂಡುವಂತಿಲ್ಲ. ಹಳದಿ ಅಂಗಿಗಳನ್ನು ಯಂತ್ರಕ್ಕೆ ತುರುಕಿದರೆ ಆಯಿತು. ನಂಬರ್ ಇದ್ದದ್ದಕ್ಕೆ ಮನುಷ್ಯರ ಕೈ, ಇಲ್ಲದ್ದಕ್ಕೆ ಯಂತ್ರ. ಒಗೆಯುವ ಸೋಡಾದ ನೀರಿಗೆ ಅವಳ ಬೆರಳ ಗೆಣ್ಣುಗಳು ಸೀಳಿದ್ದವು. ಊಟಕ್ಕೆ ಕೂತರೆ ಉಪ್ಪು ತಾಗಿ ಉರಿಯುತ್ತಿತ್ತು.

"ಕೊಳೆ ಅವರದು, ಕೈ ನಮ್ಮದು" ಎನ್ನುತ್ತಿದ್ದಳು ಅತ್ತೆ.

ಅತ್ತೆ ಇಸ್ತ್ರಿ ಮಾಡುತ್ತಿದ್ದಳು. ಬಟ್ಟೆಯಮ್ಮನ ಗಂಡ ಮೋಟು ಹುಟ್ಟಿದ ವರ್ಷವೇ ಮನೆ ಬಿಟ್ಟು ಹೋಗಿದ್ದ. ಅವನ ತಾಯಿ ಮಾತ್ರ ಸೊಸೆಯ ಜೊತೆ ಉಳಿದಳು. ಯಾಕೆ ಉಳಿದೆ ಎಂದು ಯಾರಾದರೂ ಕೇಳಿದರೆ, "ಅವನಿಗೆ ಓಡೋಕೆ ಕಾಲಿತ್ತು, ನನಗೆ ಮಂಡಿನೋವು" ಎನ್ನುತ್ತಿದ್ದಳು.

ಮೂವರೂ ಇದ್ದದ್ದು ಮೈದಾನದ ಗ್ಯಾಲರಿಯ ಕೆಳಗಿನ ಕೋಣೆಯಲ್ಲಿ. ಸೂರು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿತ್ತು. ಕೊನೆಯ ಮೆಟ್ಟಿಲ ಕೆಳಗೆ ಮೋಟುವಿನ ಹಾಸಿಗೆ. ಅಲ್ಲಿ ಹಿಡಿಸುತ್ತಿದ್ದವಳು ಅವಳೊಬ್ಬಳೇ. ಮ್ಯಾಚಿನ ದಿನ ಮೇಲೆ ಜನ ಕಾಲು ಕುಟ್ಟಿದರೆ ಕೆಳಗೆ ತಟ್ಟೆಗೆ ಸಿಮೆಂಟಿನ ಪುಡಿ ಉದುರುತ್ತಿತ್ತು. "ಗೋಲಾಯ್ತು, ತಟ್ಟೆ ಮುಚ್ಚಿ" ಎನ್ನುತ್ತಿದ್ದಳು ಅತ್ತೆ.

ಕ್ಲಬ್ಬಿಗೆ ಎರಡು ಗೇಟು. ಮುಂದಿನದು ಕಾರುಗಳಿಗೆ. ಅದರ ಪಕ್ಕದಲ್ಲಿ ದೊಡ್ಡ ಬೋರ್ಡು: ಗೆಲ್ಲಲು ಆಡುವವರಿಗೆ ಸ್ಪರ್ಧಾ ಗುಂಪು, ಆನಂದಕ್ಕಾಗಿ ಆಡುವವರಿಗೆ ಖುಷಿ ಗುಂಪು, ಯಾವ ಮಗುವೂ ಹೊರಗಿಲ್ಲ. ಜಾಗ ನಗರಸಭೆಯದು. ಸುತ್ತಲಿನ ಬೀದಿಯ ಮಕ್ಕಳಿಗೂ ಆಟ ಕಲಿಸಬೇಕು ಎಂಬ ಷರತ್ತಿನ ಮೇಲೆ ಕೊಟ್ಟದ್ದು. ಆ ಷರತ್ತಿಗೆ ಕ್ಲಬ್ಬು ಇಟ್ಟ ಹೆಸರೇ ಖುಷಿ ಗುಂಪು. ಕಾವಲುಗಾರನ ಮಗಳು, ಕಸ ಗುಡಿಸುವವರ ಇಬ್ಬರು ಮಕ್ಕಳು, ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವವಳ ತಂಗಿ, ಇಂಥವರು. ಇವರೆಲ್ಲ ಹಿಂದಿನ ಗೇಟಿನಿಂದ ಬರುತ್ತಿದ್ದರು. ಗೆಲ್ಲಲು ಆಡುತ್ತೀಯೋ ಆನಂದಕ್ಕೋ ಎಂದು ಯಾವ ಮಗುವನ್ನೂ ಯಾರೂ ಕೇಳಿರಲಿಲ್ಲ. ಯಾವ ಗೇಟಿನಿಂದ ಬಂದೆ ಎಂಬುದರಲ್ಲೇ ಅದು ತೀರ್ಮಾನವಾಗಿರುತ್ತಿತ್ತು.

ಖುಷಿ ಗುಂಪಿಗೆ ದೊಡ್ಡ ಮೈದಾನ ಸಿಗುತ್ತಿದ್ದದ್ದು ಗುರುವಾರ ಸಂಜೆ ಮಾತ್ರ. ಆಗ ಎರಡೂ ಗುಂಪು ಒಟ್ಟಿಗೆ ಆಡುತ್ತಿದ್ದವು. ಬಟ್ಟೆ ಒಣಗಿಸುವ ಅಂಗಳದ ಬೇಲಿಗೆ ಆತು ನಿಂತು ಬಟ್ಟೆಯಮ್ಮ ಮಗಳ ಆಟ ನೋಡುತ್ತಿದ್ದಳು. ಕೆಂಪಂಗಿಯವರು ಒಬ್ಬರಾದ ಮೇಲೊಬ್ಬರು ಚೆಂಡು ತಂದು ಮೋಟುವನ್ನು ದಾಟಿ ಹೋಗುತ್ತಿದ್ದರು. ಮೋಟು ನಿಂತಲ್ಲೇ ನಿಂತಿರುತ್ತಿದ್ದಳು. ಕಾಲು ಎತ್ತುತ್ತಿರಲಿಲ್ಲ. ಸ್ಪರ್ಧಾ ಗುಂಪಿನ ಮುಖ್ಯ ಆಟಗಾರ್ತಿ ಕ್ಲಬ್ಬಿನ ಕಾರ್ಯದರ್ಶಿಯ ಮಗಳು. ಉದ್ದ ಜುಟ್ಟಿನವಳು. ಅವಳು ಮೋಟುವಿನ ಕಾಲ ಸಂದಿಯಿಂದ ಚೆಂಡು ತೂರಿಸಿ, ತಿರುಗಿ ನಕ್ಕು ಹೋಗುತ್ತಿದ್ದಳು.

"ದನ ಕಟ್ಟೋ ಗೂಟಾನೂ ನಿನಗಿಂತ ವಾಸಿ" ಎಂದು ಬಟ್ಟೆಯಮ್ಮ ಮನೆಗೆ ಬಂದ ಮಗಳನ್ನು ಹಂಗಿಸುತ್ತಿದ್ದಳು. "ಗೂಟಕ್ಕೆ ಎಡವಿ ಒಬ್ಬರಾದ್ರೂ ಬೀಳ್ತಾರೆ. ನಿನ್ನಿಂದ ಅದೂ ಇಲ್ಲ."

ಮೋಟು ಬಕೆಟ್ಟಿನ ಪಕ್ಕ ಕೂತು ಮೊಣಕಾಲ ಕೆಳಗಿನ ಮುಳ್ಳುಬೂಟಿನ ಗಾಯ ತೊಳೆದುಕೊಳ್ಳುತ್ತಿದ್ದಳು. ಒಂದೂವರೆ ವರ್ಷ ಹೀಗೇ ನಡೆಯಿತು.

ಒಂದು ಶನಿವಾರ ಬೆಳಿಗ್ಗೆ ಸೋಪಿನ ಪುಡಿ ತರುವ ವ್ಯಾನು ಬಂತು. ಡ್ರೈವರ್ ಇಪ್ಪತ್ತರ ಹುಡುಗ, ತಾನೂ ಒಂದು ಕಾಲದ ಆಟಗಾರ ಎಂದು ಹೇಳಿಕೊಳ್ಳುವವನು. ಅಂಗಳದಲ್ಲಿ ಮೋಟು ಹಳೇ ಚೆಂಡು ಉರುಳಿಸುತ್ತಿದ್ದಳು. ಅವನು ಚೀಲ ಇಳಿಸಿ, ಚೆಂಡು ಕಿತ್ತುಕೊಂಡು, "ಬಾ ಮೋಟು, ನನ್ನಿಂದ ತಗೋ ನೋಡೋಣ" ಎಂದ.

ತಗೊಂಡಳು.

"ಅದು ಲೆಕ್ಕಕ್ಕಿಲ್ಲ, ನಾನಿನ್ನೂ ರೆಡಿ ಆಗಿರ್ಲಿಲ್ಲ."

ಮತ್ತೆ ತಗೊಂಡಳು. ಮೂರನೇ ಸಲ ಅವನು ಎಡಕ್ಕೆ ಬಾಗಿ ಬಲಕ್ಕೆ ಓಡಿದ. ಮೋಟು ಅವನ ಮುಖ ನೋಡಲಿಲ್ಲ, ಸೊಂಟ ನೋಡುತ್ತಿದ್ದಳು. ಕಾಲು ಚಾಚಿ ಚೆಂಡನ್ನಷ್ಟೇ ಎತ್ತಿಕೊಂಡಳು, ಅನ್ನದಿಂದ ಕಲ್ಲು ಎತ್ತಿದ ಹಾಗೆ. ಅವನು ಹಸಿ ಟವೆಲ್ಲುಗಳ ಸಾಲಿಗೆ ನುಗ್ಗಿ, ಹಗ್ಗ ಸಮೇತ ನೆಲಕ್ಕೆ ಬಿದ್ದ.

ಇಸ್ತ್ರಿ ಹಿಡಿದು ಕೂತಿದ್ದ ಅತ್ತೆ, "ಆಟ ಮುಗೀತಾ ಮಗಾ, ಹಾಗಾದ್ರೆ ಆ ಟವೆಲ್ಲೆಲ್ಲ ನೀನೇ ತೊಳೆದು ಹೋಗು" ಎಂದಳು.

ಬಟ್ಟೆಯಮ್ಮ ಬೈಯಲು ಎದ್ದವಳು ಬೈಯಲಿಲ್ಲ. ವ್ಯಾನು ಹೋದ ಮೇಲೆ ಮಗಳನ್ನು ಕೇಳಿದಳು.

"ಇಷ್ಟೆಲ್ಲ ಬರುತ್ತಲ್ಲ ನಿನಗೆ. ಗುರುವಾರ ಏನಾಗುತ್ತೆ? ಕಾಲಿಗೆ ಲಕ್ವ ಹೊಡೆಯುತ್ತಾ?"

"ಗುರುವಾರ ಮುಟ್ಟಬಾರದು."

"ಏನನ್ನ?"

"ಚೆಂಡನ್ನ. ಅವರ ಹತ್ರ ಇದ್ದಾಗ ನಾವು ಕಾಲು ಹಾಕಬಾರದು. ಅವರು ದಾಟಿಕೊಂಡು ಹೋಗೋದನ್ನ ಅಭ್ಯಾಸ ಮಾಡ್ತಾರೆ. ನಾವು ನಿಂತಿರಬೇಕು. ಪ್ಲಾಸ್ಟಿಕ್ ಕೋನ್ ಇಡ್ತಾರಲ್ಲ, ಅದರ ಬದಲು ನಾವು."

"ಯಾರು ಹೇಳಿದ್ದು?"

"ದೊಡ್ಡ ಕೋಚ್. ಮೊದಲನೇ ದಿನಾನೇ."

"ನನಗ್ಯಾಕೆ ಹೇಳ್ಲಿಲ್ಲ ಮತ್ತೆ?"

"ಹೇಳಿದ್ರೆ ನೀನು ಜಗಳಕ್ಕೆ ಹೋಗ್ತೀಯ. ಜಗಳ ಆದ್ರೆ ಗುರುವಾರಾನೂ ಇರಲ್ಲ."

ಬಟ್ಟೆಯಮ್ಮ ಕೆಳಗೆ ಬಿದ್ದಿದ್ದ ಟವೆಲ್ಲುಗಳನ್ನು ಒಂದೊಂದಾಗಿ ಎತ್ತಿ ಬಕೆಟ್ಟಿಗೆ ಹಾಕಿದಳು. ಒಂದೂವರೆ ವರ್ಷ ಮಗಳಿಗೆ ಗೂಟ ಎಂದಿದ್ದಳು. ಮಗಳನ್ನು ಗೂಟ ಮಾಡಿ ನಿಲ್ಲಿಸಿದ್ದು ಬೇರೆಯವರು, ಹಂಗಿಸಿದ್ದು ತಾನು. ಅವಳಿಗೆ ಅಳು ಬರಲಿಲ್ಲ. ಯಾರಿಗಾದರೂ ಹೊಡೆಯಬೇಕು ಎನ್ನಿಸಿತು.

ಖುಷಿ ಗುಂಪಿಗೆ ಕಲಿಸುತ್ತಿದ್ದವನು ಚಿಕ್ಕ ಕೋಚ್. ಮಕ್ಕಳ ಬಾಯಲ್ಲಿ ಶಿಳ್ಳೆ ಸರ್. ಕೊರಳಲ್ಲಿ ಶಿಳ್ಳೆ ಇಲ್ಲದೆ ಅವನನ್ನು ಯಾರೂ ನೋಡಿರಲಿಲ್ಲ. ಕೆಟ್ಟವನಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವನು. ಸೋಮವಾರ ಅವನು ಬಟ್ಟೆ ಕೊಡಲು ಬಂದಾಗ ಬಟ್ಟೆಯಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಸರ್, ಗುರುವಾರ ನಮ್ಮ ಮಕ್ಕಳು ಚೆಂಡು ಮುಟ್ಟಬಾರದಂತೆ. ಹೌದಾ?"

"ಅದು ಹಾಗಲ್ಲ ಅಕ್ಕ. ಸ್ಪರ್ಧಾ ಗುಂಪಿನವರಿಗೆ ಮುಂದೆ ಟೂರ್ನಿಮೆಂಟ್ ಇರುತ್ತೆ. ಅಭ್ಯಾಸದಲ್ಲಿ ಪೆಟ್ಟಾಗಿಬಿಟ್ರೆ?"

"ನಮ್ಮ ಮಕ್ಕಳಿಗೆ ಆದ್ರೆ?"

"ನಿಮ್ಮ ಮಕ್ಕಳು ಖುಷಿಗೆ ಆಡೋರಲ್ವಾ ಅಕ್ಕ."

"ಖುಷಿಗೆ ಆಡೋರ ಕಾಲು ಕಬ್ಬಿಣದ್ದಾ?"

ಶಿಳ್ಳೆ ಸರ್ ಶಿಳ್ಳೆಯ ದಾರವನ್ನು ಬೆರಳಿಗೆ ಸುತ್ತಿದ. ಬಿಚ್ಚಿದ. "ನಿಮ್ಮ ಹುಡುಗಿ ಚೆನ್ನಾಗಿ ಆಡ್ತಾಳೆ ಅಕ್ಕ, ನನಗೆ ಗೊತ್ತು" ಎಂದ. "ಮುಂದಿನ ಭಾನುವಾರ ಕ್ರೀಡಾ ಶಾಲೆಯಿಂದ ಆಯ್ಕೆ ಮಾಡೋರು ಬರ್ತಿದಾರೆ. ಎರಡೂ ಗುಂಪಿನ ಮ್ಯಾಚ್ ನೋಡ್ತಾರೆ. ಅವರಿಗೆ ಯಾವ ಗುಂಪಾದ್ರೇನು, ಚೆನ್ನಾಗಿ ಆಡಿದವರನ್ನ ಬರೆದುಕೊಂಡು ಹೋಗ್ತಾರೆ. ಹಾಸ್ಟೆಲ್ಲು, ಓದು, ಊಟ, ಆರು ದಿನ ಆಟ, ಎಲ್ಲ ಅವರದೇ. ಆದ್ರೆ ಅವರಿಗೆ ಹೆಸರು ಗೊತ್ತಿರಲ್ಲ. ನಂಬರ್ ಬರೆದುಕೊಳ್ತಾರೆ. ಆಮೇಲೆ ಆ ನಂಬರಿಂದು ಯಾರು ಅಂತ ಕ್ಲಬ್ಬು ಹೆಸರು ಕಳಿಸುತ್ತೆ."

"ನಮ್ಮ ಮಕ್ಕಳಿಗೆ ನಂಬರೇ ಇಲ್ವಲ್ಲ."

"ಅದೇ."

"ಯಾಕಿಲ್ಲ?"

ಅವನು ಬಟ್ಟೆಯ ಗಂಟು ಕೆಳಗಿಟ್ಟು ಹೋದ.

ಬಟ್ಟೆಯಮ್ಮನ ಗೂಡಿನಲ್ಲಿ ಒಂದು ಸೀಸೆ ಗುರುತು ಮಸಿ ಇತ್ತು. ಬಟ್ಟೆ ಒಗೆಯುವವರೆಲ್ಲ ಇಟ್ಟುಕೊಳ್ಳುವ ಮಸಿ. ಕಾಲರಿನ ಒಳಗೆ ಒಂದು ಚುಕ್ಕೆ ಇಟ್ಟರೆ ಬಟ್ಟೆ ಹರಿದರೂ ಚುಕ್ಕೆ ಹೋಗುವುದಿಲ್ಲ. ಇಷ್ಟು ವರ್ಷ ಅದರಲ್ಲಿ ಅವಳು ಹಾಕಿದ ಗುರುತುಗಳೆಲ್ಲ ಇದು ಅವರದು, ಇದು ಇವರದು ಎನ್ನುವುದಕ್ಕೆ.

ಶನಿವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಇಸ್ತ್ರಿ ಮೇಜಿನ ಮೇಲೆ ಒಂದು ಕೆಂಪು ಜೆರ್ಸಿ ಹಾಸಿದಳು. ಅದರ ಮೇಲೆ ಹಳದಿ ಅಂಗಿ. ಹಳದಿ ಬಟ್ಟೆ ತೆಳು. ಕೆಳಗಿನ ಬಿಳಿ ನಂಬರ್ ಮಸುಕಾಗಿ ಕಾಣುತ್ತಿತ್ತು. ಆ ಅಂಚನ್ನು ಸೀಮೆಸುಣ್ಣದಲ್ಲಿ ಗೀರಿಕೊಂಡು ಜೆರ್ಸಿಯನ್ನು ಎಳೆದು ಪಕ್ಕಕ್ಕಿಟ್ಟಳು. ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಮಸಿಯಲ್ಲಿ ಅದ್ದಿ, ಆ ಗೀರಿನ ಮೇಲೇ ಕೈ ಆಡಿಸಿದಳು. ಸ್ಪರ್ಧಾ ಗುಂಪಿನವರ ನಂಬರ್ ಇಪ್ಪತ್ತಕ್ಕೆ ಮುಗಿಯುತ್ತಿತ್ತು. ಅವಳು ಬೇರೆ ಬೇರೆ ಜೆರ್ಸಿಯಿಂದ ಅಂಕಿ ಕೂಡಿಸಿಕೊಂಡು ಇಪ್ಪತ್ತೊಂದರಿಂದ ಶುರು ಮಾಡಿದಳು.

"ನಿನ್ನ ಮಗಳದ್ದೊಂದಕ್ಕೆ ಹಾಕಿ ಸುಮ್ಮನಿರು" ಎಂದಳು ಅತ್ತೆ. "ಊರ ಉಸಾಬರಿ ನಿನಗ್ಯಾಕೆ?"

"ಒಂದಕ್ಕೆ ಹಾಕಿದ್ರೆ ಕಲೆ ಅಂತಾರೆ ಅತ್ತೆ. ಹದಿನಾಲ್ಕಕ್ಕೂ ಹಾಕಿದ್ರೆ ನಂಬರ್ ಅನ್ನಲೇಬೇಕು."

ಅತ್ತೆ ಮಂಡಿ ಹಿಡಿದುಕೊಂಡು ಎದ್ದು ಬಂದು, ಮಸಿ ಆರದ ಅಂಗಿಯನ್ನು ಎತ್ತಿ ಬಾಯಲ್ಲಿ ಊದತೊಡಗಿದಳು. "ಮೂರರ ಹೊಟ್ಟೆ ಸಣ್ಣ ಆಯ್ತು. ಸ್ವಲ್ಪ ತಿನ್ನಿಸು" ಎಂದಳು.

ಭಾನುವಾರ ಗ್ಯಾಲರಿಯ ನೆರಳಿನಲ್ಲಿ ಮೇಜು ಹಾಕಿದ್ದರು. ಆಯ್ಕೆಯವರು ಇಬ್ಬರು. ಒಬ್ಬರು ಮುದುಕರು. ಇನ್ನೊಬ್ಬರು ಬಟ್ಟೆಯ ಟೊಪ್ಪಿಗೆ ಹಾಕಿದ ಹೆಂಗಸು, ಕೈಯಲ್ಲಿ ರಟ್ಟು, ರಟ್ಟಿನ ಮೇಲೆ ಹಾಳೆ. ಖುಷಿ ಗುಂಪಿನ ಮಕ್ಕಳು ಹಿಂದಿನ ಕೋಣೆಯಿಂದ ಸಾಲಾಗಿ ಬಂದರು. ದೊಡ್ಡ ಕೋಚ್ ಅವರ ಬೆನ್ನು ನೋಡಿದ. ಅವನ ಮುಖ ಸುಟ್ಟ ಹೆಂಚಿನ ಹಾಗಾಯಿತು.

"ಏನಿದು?"

ಸಾಲು ಅಲ್ಲೇ ನಿಂತಿತು.

"ತೆಗೀರಿ. ತಿರುವಿ ಹಾಕ್ಕೊಳ್ಳಿ."

ಹದಿನಾಲ್ಕು ಹುಡುಗಿಯರು ಎಲ್ಲರೆದುರು ಮೈದಾನದ ಅಂಚಿನಲ್ಲಿ ಅಂಗಿ ಬಿಚ್ಚಿದರು. ಒಳಗೆ ಕೆಲವರಿಗೆ ಬನಿಯನ್ ಇತ್ತು. ಕೆಲವರಿಗೆ ಇರಲಿಲ್ಲ. ಇಲ್ಲದವರು ಒಂದು ಕೈಯಲ್ಲಿ ಎದೆ ಮುಚ್ಚಿಕೊಂಡು ಇನ್ನೊಂದು ಕೈಯಲ್ಲಿ ಅಂಗಿ ತಿರುವಿದರು. ಕೆಂಪಂಗಿಯವರಲ್ಲಿ ಯಾರೋ ಕಿಸಕ್ಕೆಂದರು. ಬಟ್ಟೆಯಮ್ಮ ನೀರಿನ ಬಕೆಟ್ಟು ಹಿಡಿದು ಹಗ್ಗದ ಆಚೆ ನಿಂತಿದ್ದಳು. ಬಕೆಟ್ಟಿನ ಹಿಡಿ ಅಂಗೈಗೆ ಕೊರೆಯಿತು.

ಆದರೆ ಗುರುತು ಮಸಿ ಒಂದು ಮಗ್ಗುಲಿಗೆ ನಿಲ್ಲುವಂಥದ್ದಲ್ಲ. ಬಟ್ಟೆಯ ಆಚೆಗೂ ಇಳಿದಿತ್ತು. ಅಂಗಿ ತಿರುವಿದರೂ ನಂಬರ್ ಕಾಣುತ್ತಿತ್ತು, ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ.

ಟೊಪ್ಪಿಗೆಯ ಹೆಂಗಸು ಮೇಜಿನಿಂದಲೇ, "ಬಿಡಿ ಸರ್, ಸರಿಯಾಗೇ ಹಾಕ್ಕೊಳ್ಳಲಿ" ಎಂದಳು. "ನಂಬರ್ ಇದ್ರೆ ನಮಗೂ ಸುಲಭ."

ದೊಡ್ಡ ಕೋಚ್ ಹಲ್ಲು ಕಾಣುವಂತೆ ನಕ್ಕ. ಆಮೇಲೆ ಮಕ್ಕಳ ಹತ್ತಿರ ಬಗ್ಗಿ, "ನಂಬರ್ ಇದೆ ಅಂತ ಕೊಂಬು ಬಂತು ಅಂದುಕೋಬೇಡಿ. ಗುರುವಾರದ ನಿಯಮಾನೇ ಇವತ್ತೂ" ಎಂದ.

ಶಿಳ್ಳೆ ಸರ್ ಅವತ್ತು ರೆಫರಿ. ಶಿಳ್ಳೆ ಊದಿದ.

ಮೊದಲ ಹತ್ತು ನಿಮಿಷ ಗುರುವಾರದಂತೆಯೇ ನಡೆಯಿತು. ಕೆಂಪು ಓಡಿತು, ಹಳದಿ ನಿಂತಿತು. ಎರಡು ಗೋಲಾದವು. ಗ್ಯಾಲರಿಯಲ್ಲಿ ಕೂತಿದ್ದ ಅಪ್ಪ ಅಮ್ಮಂದಿರು ಚಪ್ಪಾಳೆ ತಟ್ಟಿದರು. ಜುಟ್ಟಿನವಳು ಮೋಟುವನ್ನು ಮೂರು ಸಲ ದಾಟಿದಳು. ಮೂರನೇ ಸಲ ಬೇಕೆಂದೇ ತಿರುಗಿ ಬಂದು ಇನ್ನೊಮ್ಮೆ ದಾಟಿದಳು. ಟೊಪ್ಪಿಗೆಯ ಹೆಂಗಸು ಏನೋ ಬರೆದುಕೊಂಡಳು. ಬರೆದದ್ದು ಯಾರ ನಂಬರ್ ಎಂದು ಕೇಳಬೇಕಾಗಿರಲಿಲ್ಲ.

ಮೋಟು ಹಗ್ಗದ ಕಡೆ ನೋಡಿದಳು.

ಬಟ್ಟೆಯಮ್ಮನಿಗೆ ಆ ಹೊತ್ತಿನಲ್ಲಿ ತಲೆಗೆ ಬಂದದ್ದು ಕೋಣೆ. ಅತ್ತೆಯ ಮಂಡಿ. ಎಲ್ಲ ಬಂತು. ಬಂದದ್ದನ್ನೆಲ್ಲ ಪಕ್ಕಕ್ಕೆ ತಳ್ಳಿದಳು. ಬಕೆಟ್ಟು ಕೆಳಗಿಟ್ಟಳು.

"ತಗೋ" ಎಂದಳು. ಜೋರಾಗಿ ಹೇಳಲಿಲ್ಲ. ಅಂಗಳದಿಂದ ಬಟ್ಟೆ ತಗೊಂಡು ಬಾ ಎಂದು ಹೇಳುವ ದನಿಯಲ್ಲೇ ಹೇಳಿದಳು.

ಜುಟ್ಟಿನವಳು ಮತ್ತೆ ಬಂದಳು. ಮೋಟು ಕಾಲು ಹಾಕಿದಳು. ಚೆಂಡು ಬಂತು. ಜುಟ್ಟಿನವಳು ಚೆಂಡಿಲ್ಲದೆ ಎರಡು ಹೆಜ್ಜೆ ಮುಂದೆ ಹೋಗಿ ನಿಂತು ಹಿಂದಕ್ಕೆ ನೋಡಿದಳು. ಮೆಟ್ಟಿಲು ಇದೆ ಎಂದು ಕಾಲಿಟ್ಟು, ಇಲ್ಲದಿದ್ದಾಗ ಆಗುತ್ತದಲ್ಲ, ಹಾಗಿತ್ತು ಅವಳ ಮುಖ.

ಶಿಳ್ಳೆ. ಫೌಲು.

ಚೆಂಡು ಕೆಂಪಿನವರಿಗೆ ಹೋಯಿತು. ಮೋಟು ಮತ್ತೆ ತಗೊಂಡಳು. ಶಿಳ್ಳೆ. ಫೌಲು. ಆಚೆ ಬದಿಯಲ್ಲಿ ಪಾತ್ರೆ ತೊಳೆಯುವವಳ ತಂಗಿ, ಇಪ್ಪತ್ತೇಳನೇ ನಂಬರಿನವಳು, ಅವಳೂ ಕಾಲು ಹಾಕಿದಳು. ಶಿಳ್ಳೆ. ಕಾವಲುಗಾರನ ಮಗಳು, ಮೂವತ್ತು, ಗೋಲಿನ ಬಾಯಲ್ಲಿ ಚೆಂಡು ಕಿತ್ತುಕೊಂಡು ಓಡಿದಳು. ಶಿಳ್ಳೆ. ಒಂದೂವರೆ ವರ್ಷದಿಂದ ನಿಂತಿದ್ದ ಕಾಲುಗಳು ಒಂದೊಂದಾಗಿ ನೆಲ ಬಿಟ್ಟು ಏಳುತ್ತಿದ್ದವು.

"ಏನು ಫೌಲು ಅದು?" ಎಂದು ಮುದುಕರು ಕೂಗಿ ಕೇಳಿದರು. "ಚೆಂಡಿಗೇ ಕಾಲು ಹಾಕಿದಾಳಲ್ಲಪ್ಪ."

ಶಿಳ್ಳೆ ಸರ್ ದೊಡ್ಡ ಕೋಚ್ ಕಡೆ ನೋಡಿದ. ಮುದುಕರ ಕಡೆ ನೋಡಿದ. ಆಮೇಲೆ ಶಿಳ್ಳೆಯನ್ನು ಬಾಯಿಂದ ಬಿಟ್ಟ. ಅದು ಎದೆಯ ಮೇಲೆ ಬಿದ್ದು ತೂಗಿತು.

ಅಲ್ಲಿಂದ ಹನ್ನೊಂದು ನಿಮಿಷ ಫುಟ್‌ಬಾಲ್ ನಡೆಯಿತು. ಆ ಮೈದಾನದಲ್ಲಿ ಖುಷಿ ಗುಂಪಿನವರು ಸ್ಪರ್ಧಾ ಗುಂಪಿನವರ ಎದುರು ಆಡಿದ ಫುಟ್‌ಬಾಲ್ ಅಷ್ಟೇ. ಹಳದಿಯವರಿಗೆ ಓಡುವ ಅಭ್ಯಾಸ ಕಡಿಮೆ. ಪಾಸು ಕೊಟ್ಟರೆ ಎಲ್ಲೋ ಹೋಗುತ್ತಿತ್ತು. ಬೂಟು ಕಾಲಿಗಿಂತ ದೊಡ್ಡವು, ಒಬ್ಬಳದು ಕಳಚಿ ಹಾರಿತು. ಆದರೂ ಕೆಂಪಿನವರಿಗೆ ಮೂರನೇ ಗೋಲು ಆಗಲಿಲ್ಲ. ಹನ್ನೊಂದನೇ ನಿಮಿಷಕ್ಕೆ ಮೋಟು ನಡುಗೆರೆಯಲ್ಲಿ ಚೆಂಡು ಕಿತ್ತು ಮೂವತ್ತಕ್ಕೆ ಕೊಟ್ಟಳು, ಮೂವತ್ತು ಒದ್ದಳು, ಗೋಲಾಯಿತು. ಗ್ಯಾಲರಿಯಲ್ಲಿ ಯಾರೂ ಕಾಲು ಕುಟ್ಟಲಿಲ್ಲ.

ಮರುಕ್ಷಣ ಜುಟ್ಟಿನವಳ ಮೊಣಕೈ ಮೋಟುವಿನ ಬಾಯಿಗೆ ಬಿತ್ತು. ಚೆಂಡು ಅಲ್ಲಿಂದ ಹತ್ತು ಮಾರು ದೂರ ಇತ್ತು. ಮೋಟು ಮಣ್ಣಿಗೆ ರಕ್ತ ಉಗುಳಿದಳು, ರಕ್ತದೊಳಗಿಂದ ಹಲ್ಲು ಹೆಕ್ಕಿ ಮುಷ್ಟಿಯಲ್ಲಿ ಹಿಡಿದುಕೊಂಡಳು, ಮತ್ತೆ ಜಾಗಕ್ಕೆ ಹೋಗಿ ನಿಂತಳು. ದೊಡ್ಡ ಕೋಚ್ ಮೈದಾನದೊಳಗೆ ನುಗ್ಗಿ ಮ್ಯಾಚ್ ನಿಲ್ಲಿಸಿದ. "ನೋಡಿ ಸರ್, ಇದಕ್ಕೇ ಇವರ ಜೊತೆ ಆಡಿಸಲ್ಲ ನಾವು. ಶಿಸ್ತಿಲ್ಲ" ಎಂದ ಮುದುಕರಿಗೆ.

ಟೊಪ್ಪಿಗೆಯ ಹೆಂಗಸು ಹೋಗುವಾಗ ಹಗ್ಗದ ಬಳಿ ನಿಂತು ಮೋಟುವಿನ ಬಾಯಿ ನೋಡಿದಳು. "ಇಪ್ಪತ್ತೊಂದು ಅಲ್ವಾ ನೀನು?" ಎಂದಳು. ಬಾಯಿಗೆ ಬಟ್ಟೆ ಒತ್ತಿಕೊಂಡಿದ್ದ ಮೋಟು ತಲೆಯಾಡಿಸಿದಳು. "ಇಪ್ಪತ್ತೊಂದು, ಇಪ್ಪತ್ತೇಳು, ಮೂವತ್ತು. ಕ್ಲಬ್ಬಿನಿಂದ ಹೆಸರು ಬರಲಿ, ಕರೆಸ್ತೀವಿ" ಎಂದಳು.

ಮಂಗಳವಾರ ಬಟ್ಟೆಯಮ್ಮನನ್ನು ಕಾರ್ಯದರ್ಶಿಯ ಕೋಣೆಗೆ ಕರೆದರು. ಗಾಜಿನ ಕಪಾಟಿನ ತುಂಬ ಗೆದ್ದು ತಂದ ಕಪ್ಪುಗಳು. ಕಾರ್ಯದರ್ಶಿ ಕುರ್ಚಿಯಲ್ಲಿ, ದೊಡ್ಡ ಕೋಚ್ ಕಿಟಕಿಯ ಬಳಿ, ಶಿಳ್ಳೆ ಸರ್ ಗೋಡೆಗೆ ಅಂಟಿಕೊಂಡು. ಅವಳಿಗೆ ಕುರ್ಚಿ ಇರಲಿಲ್ಲ. ಅವಳು ಕೇಳಲೂ ಇಲ್ಲ.

"ಏನಮ್ಮ, ನಿನಗೇನು ಕಡಿಮೆ ಮಾಡಿದ್ವಿ ನಾವು?" ಎಂದ ಕಾರ್ಯದರ್ಶಿ. ದನಿ ಬೆಣ್ಣೆಯಂತಿತ್ತು. "ಕೋಣೆ ಕೊಟ್ಟಿದೀವಿ. ಮಗಳಿಗೆ ಆಟ ಕಲಿಸ್ತಿದೀವಿ. ಉಂಡ ಮನೆಗೆ ಎರಡು ಬಗೆಯೋದಾ?"

ಒಂದು ಕಾಗದ ಅವಳ ಮುಂದೆ ತಳ್ಳಿದ. "ಇದಕ್ಕೊಂದು ರುಜು ಹಾಕು. ವಿಷಯ ಇಲ್ಲಿಗೇ ಮುಗಿಯುತ್ತೆ. ಕೆಲಸ ನಿನ್ನದೇ. ಕೋಣೆ ನಿನ್ನದೇ. ಮಗಳು ಖುಷಿ ಗುಂಪಲ್ಲಿ ಇರಲಿ."

ಬಟ್ಟೆಯಮ್ಮನಿಗೆ ಓದು ನಿಧಾನ. ಬೆರಳಿಟ್ಟು ಓದಿದಳು. ಮೂವರೂ ಕಾದರು. ಕೈತಪ್ಪಿ ಮಸಿ ಚೆಲ್ಲಿದ್ದರಿಂದ ಅಂಗಿಗಳ ಮೇಲೆ ಕಲೆಗಳಾದವು ಎಂದಿತ್ತು. ಅವು ಕ್ಲಬ್ಬು ಕೊಟ್ಟ ನಂಬರುಗಳಲ್ಲ ಎಂದಿತ್ತು. ಆದ ತೊಂದರೆಗೆ ವಿಷಾದಿಸುತ್ತೇನೆ ಎಂದಿತ್ತು.

"ಮಸಿ ಚೆಲ್ಲಿದ್ರೆ ಇಪ್ಪತ್ತೊಂದು ಅಂತ ಚೆಲ್ಲುತ್ತಾ ಸ್ವಾಮಿ?" ಎಂದು ಕೇಳಿದಳು. "ಅದೂ ಸಾಲಾಗಿ? ಮೂವತ್ನಾಲ್ಕರ ತನಕ?"

"ಅಧಿಕಪ್ರಸಂಗ ಬೇಡ" ಎಂದ ದೊಡ್ಡ ಕೋಚ್.

"ರುಜು ಹಾಕಿದ್ರೆ ಆ ಮೂರು ಮಕ್ಕಳ ಗತಿ?"

"ಯಾವ ಮೂರು ಮಕ್ಕಳು?" ಎಂದ ಕಾರ್ಯದರ್ಶಿ.

ಅವನು ನಿಜಕ್ಕೂ ಗೊತ್ತಿಲ್ಲದವನ ಹಾಗೆ ಕೇಳಿದ. ಬಟ್ಟೆಯಮ್ಮ ಶಿಳ್ಳೆ ಸರ್ ಕಡೆ ತಿರುಗಿದಳು.

"ಸರ್, ನೀವೇ ಹೇಳಿ. ಒಂದೂವರೆ ವರ್ಷ ನೀವೇ ಅಲ್ವಾ ಮಕ್ಕಳನ್ನ ನಿಲ್ಲಿಸಿದ್ದು? ಭಾನುವಾರ ಶಿಳ್ಳೆ ಬಾಯಿಂದ ಬಿಟ್ರಲ್ಲ. ಈಗಲೂ ಬಾಯಲ್ಲಿ ಏನಿಲ್ಲ. ಮಾತಾಡಿ."

ಶಿಳ್ಳೆ ಸರ್ ನೆಲ ನೋಡಿದ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ ಎಂದು ಬಟ್ಟೆಯಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೂ ಅವನನ್ನು ಅವಳು ಕ್ಷಮಿಸಲಿಲ್ಲ.

"ನಿಮ್ಮ ಮಗಳ ಜೆರ್ಸಿ ಹನ್ನೊಂದು ಅಲ್ವಾ ಸ್ವಾಮಿ?" ಎಂದಳು ಕಾರ್ಯದರ್ಶಿಗೆ. "ಆ ಹನ್ನೊಂದು ಸುಲಿಯಬಾರದು ಅಂತ ಸೋಡಾ ನೀರಲ್ಲಿ ಕೈಯಿಟ್ಟು ತಿಕ್ಕಿದೀನಿ. ಮೊನ್ನೆ ಅದರ ತೋಳಿನ ಮೇಲೆ ನನ್ನ ಮಗಳ ಬಾಯಿನ ರಕ್ತ ಇತ್ತು. ಅದನ್ನೂ ನಾನೇ ತೊಳೆದೆ. ಇನ್ನು ಇದಕ್ಕೂ ನನ್ನ ಕೈಯೇ ಬೇಕಾ?"

ಕಾಗದವನ್ನು ಹಿಂದಕ್ಕೆ ತಳ್ಳಿದಳು. ಹರಿಯಲಿಲ್ಲ. ಎಸೆಯಲಿಲ್ಲ. ಮೇಜಿನ ಆ ಬದಿಗೆ, ಅವನ ಕೈಗೆ ತಾಗುವ ತನಕ ತಳ್ಳಿದಳು.

"ನಾನೇ ಬರೆದದ್ದು. ಬೇಕು ಅಂತಲೇ ಬರೆದದ್ದು. ಹಾಗೆ ಬರೆದುಕೊಡಿ, ರುಜು ಹಾಕ್ತೀನಿ."

ಕಾರ್ಯದರ್ಶಿಯ ಬೆಣ್ಣೆ ಕರಗಿಹೋಯಿತು. "ಒಗೆಯೋಳಿಗೆ ಎಷ್ಟು ಕೊಬ್ಬು ನೋಡು" ಎಂದ ದೊಡ್ಡ ಕೋಚ್‌ಗೆ. ಇವಳಿಗೆ, "ಶನಿವಾರದೊಳಗೆ ಕೋಣೆ ಖಾಲಿ ಇರಬೇಕು" ಎಂದ.

ರುಜು ಇಲ್ಲದಿದ್ದರೂ ಕ್ರೀಡಾ ಶಾಲೆಗೆ ಪತ್ರ ಹೋಯಿತು. ಆ ಮೂರು ನಂಬರುಗಳ ಆಟಗಾರರು ತಮ್ಮ ಕ್ಲಬ್ಬಿನಲ್ಲಿ ಇಲ್ಲ ಎಂದು ಒಂದೇ ಸಾಲಿನಲ್ಲಿ ಬರೆದಿದ್ದರು.

ಬಟ್ಟೆಯಮ್ಮ ಮೂರು ಹಳದಿ ಅಂಗಿ ಮಡಚಿಕೊಂಡು, ಎರಡು ಬಸ್ಸು ಬದಲಿಸಿ, ಕ್ರೀಡಾ ಶಾಲೆಯ ಕಚೇರಿಗೆ ಹೋದಳು. ಟೊಪ್ಪಿಗೆಯ ಹೆಂಗಸು ಬೇರೆ ಊರಿನ ಆಯ್ಕೆಗೆ ಹೋಗಿದ್ದಳು. ಗುಮಾಸ್ತ ಪತ್ರ ತೋರಿಸಿದ. ಬಟ್ಟೆಯಮ್ಮ ಅಂಗಿಗಳನ್ನು ಕೌಂಟರಿನ ಮೇಲೆ ಹಾಸಿದಳು.

"ನೋಡಿ ಸ್ವಾಮಿ. ಇಪ್ಪತ್ತೊಂದು, ಇಪ್ಪತ್ತೇಳು, ಮೂವತ್ತು. ಮಕ್ಕಳ ಹೆಸರು ನಾನೇ ಹೇಳ್ತೀನಿ. ಬರ್ಕೊಳ್ಳಿ."

ಗುಮಾಸ್ತ ಅಂಗಿಯ ಅಂಚನ್ನು ಪೆನ್ನಿನ ತುದಿಯಲ್ಲಿ ಎತ್ತಿ ನೋಡಿದ. "ಇದು ಬಟ್ಟೆ ಕಣಮ್ಮ" ಎಂದ. "ನನಗೆ ಕಾಗದ ಬೇಕು. ಕ್ಲಬ್ಬಿನ ಮೊಹರು ಇರೋದು."

"ಮೊಹರು ಇರೋರು ಸುಳ್ಳು ಬರೆದಿದ್ರೆ?"

"ಅದನ್ನೂ ಕಾಗದದಲ್ಲೇ ತರಬೇಕು."

ಅವಳು ಅಂಗಿಗಳನ್ನು ಮತ್ತೆ ಮಡಚಿದಳು.

ಶನಿವಾರ ಕೋಣೆ ಖಾಲಿ ಮಾಡಿದರು. ಸಾಮಾನು ಸಾಗಿಸಲು ಬಂದವನು ಸೋಪಿನ ವ್ಯಾನಿನ ಡ್ರೈವರ್. ಅತ್ತೆಯನ್ನು ಅವನೇ ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದ. "ನಿಧಾನ ಕಣಪ್ಪ, ಇದು ಸೋಪಿನ ಚೀಲ ಅಲ್ಲ" ಎಂದಳು ಅತ್ತೆ. ಮೋಟು ಹಿಂದೆ ಹಾಸಿಗೆಗಳ ನಡುವೆ ಕೂತಳು. ತುಟಿಯ ಊತ ಇಳಿದಿರಲಿಲ್ಲ.

"ತಗೋ ಅಂದಿದ್ದು ತಪ್ಪಾಯ್ತಾ?" ಎಂದು ಕೇಳಿದಳು ಬಟ್ಟೆಯಮ್ಮ.

"ಇನ್ನೂ ಮೊದಲೇ ಹೇಳಬೇಕಿತ್ತು" ಎಂದಳು ಮೋಟು. ಹಲ್ಲಿಲ್ಲದ ಸಂದಿಯಿಂದ ಗಾಳಿ ಹೊರಟು ಮಾತು ಸೀಟಿ ಹೊಡೆಯಿತು.

ಆ ತಿಂಗಳಲ್ಲೇ ಕ್ಲಬ್ಬು ಖುಷಿ ಗುಂಪನ್ನು ನಿಲ್ಲಿಸಿತು. ಮೈದಾನ ದುರಸ್ತಿ ಎಂದು ನಗರಸಭೆಗೆ ತಿಳಿಸಿತು. ಗುರುವಾರದ ಅಭ್ಯಾಸಕ್ಕೆ ಚಕ್ರವಿರುವ ಪ್ಲಾಸ್ಟಿಕ್ ಬೊಂಬೆಗಳನ್ನು ತರಿಸಿತು. ಅವಕ್ಕೆ ಹಳದಿ ಬಣ್ಣ. ಜುಟ್ಟಿನವಳಿಗೆ ಆ ವರ್ಷ ಕ್ರೀಡಾ ಶಾಲೆಯಲ್ಲಿ ಸೀಟು ಸಿಕ್ಕಿತು.

ಹೋದದ್ದು ಇಷ್ಟು. ಬಟ್ಟೆಯಮ್ಮನ ಹನ್ನೊಂದು ವರ್ಷದ ಕೆಲಸ, ಅತ್ತೆಯ ಇಸ್ತ್ರಿ ಕೆಲಸ, ಮೂವರಿದ್ದ ಒಂದು ಕೋಣೆ. ಮೋಟುವಿನ ಮುಂದಿನ ಹಲ್ಲು ಒಂದು. ಹಾಲುಹಲ್ಲಲ್ಲ, ಮತ್ತೆ ಬರುವುದಿಲ್ಲ. ಪಾತ್ರೆ ತೊಳೆಯುವವಳ ಕ್ಯಾಂಟೀನ್ ಕೆಲಸ. ಹದಿನಾಲ್ಕು ಮಕ್ಕಳ ಗುರುವಾರ. ಆ ಹದಿನಾಲ್ಕರಲ್ಲಿ ಈಗ ಎಲ್ಲಾದರೂ ಚೆಂಡು ಒದೆಯುತ್ತಿರುವವರು ಇಬ್ಬರು. ಮೂವತ್ತನೇ ನಂಬರಿನವಳು ಅವರಲ್ಲಿ ಇಲ್ಲ. ಆ ಊರಿನಿಂದ ಆ ವರ್ಷ ಕ್ರೀಡಾ ಶಾಲೆ ತುಂಬಿಕೊಳ್ಳಬೇಕಾಗಿದ್ದ ಹಾಸ್ಟೆಲ್ ಮಂಚಗಳು ನಾಲ್ಕು. ಮೂರು ಖಾಲಿ ಉಳಿದವು.